ಎರಡು ಬೆರಳಿನ ಪ್ರಶ್ನೆ

ನನ್ನ ಮಗ ಚಿಕ್ಕವನಿದ್ದಾಗ, ಮಳವಳ್ಳಿ ಹತ್ತಿರ ನನ್ನ ತವರಿನ ಆಲೆಮನೆಯಲ್ಲಿ, ಕಬ್ಬಿನ ಗಾಣಕ್ಕೆ ಬಲಗೈ ಸಿಕ್ಕಿ ಎರಡು ಬೆರಳು ಹೋದವು. ಹಲ್ಲುಚಕ್ರ ಹೇಗೆ ತಿರುಗುತ್ತದೆಂದು ನೋಡಲು ಹೋಗಿದ್ದನಂತೆ. ಬೇರೆ ಯಾರಾದರೂ ಆಗಿದ್ದರೆ ಯಂತ್ರದ ಸಹವಾಸವೇ ಬೇಡ ಅನ್ನುತ್ತಿದ್ದರು. ಇವನು ಹೈಸ್ಕೂಲು ಮುಗಿಸುವ ಹೊತ್ತಿಗೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಸದಾಗಿ ಶುರುವಾಗಿತ್ತು. ಇಂಜಿನಿಯರ್ ಆಗುತ್ತೇನೆಂದು ಹಟ ಹಿಡಿದು ಕೂತ.

ಗಂಡ ತೀರಿಕೊಂಡ ಮೇಲೆ ನಾನು ಮಂಡ್ಯದಲ್ಲೇ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಕಾಲೇಜುಗಳನ್ನು ನೋಡಿಬರಲು ಜೊತೆಗೆ ಬಾ ಎಂದು ತಮ್ಮನನ್ನು ಕರೆದೆ.

"ಬುಡಕ್ಕ, ಆ ಕೈಲಿ ಏನ್ ಇಂಜಿನಿಯರ್ ಆದಾನು? ಗದ್ದೆ ನೋಡ್ಕಂಡಿರ್ಲಿ" ಅಂದ.

ನಾನೇ ಹೊರಟೆ. ನನಗೆ ತಿಳಿಯಬೇಕಾಗಿದ್ದುದು ಒಂದೇ. ಈ ಕೈ ಇರುವ ಹುಡುಗನನ್ನು ಇಂಜಿನಿಯರಿಂಗಿಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ?

ಮೊದಲು ಮೈಸೂರಿಗೆ ಹೋದೆವು. ಅಲ್ಲಿ ಎರಡು ವರ್ಷ ಇಂಟರ್‌ಮೀಡಿಯೆಟ್ ಓದಿದ ಮೇಲಷ್ಟೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್. ಕಾಲೇಜಿನ ಗುಮಾಸ್ತರು ನನ್ನ ಮುಖ ನೋಡದೆ ಮಗನ ಕಡೆ ತಿರುಗಿ, "ಗಂಡಸರು ಯಾರೂ ಬರಲಿಲ್ಲವೇನಪ್ಪಾ?" ಅಂದರು. ನಾನು ಬೆರಳಿನ ವಿಷಯ ಹೇಳಿದೆ. "ಅದನ್ನೆಲ್ಲ ಬೆಂಗಳೂರಿನಲ್ಲೇ ಕೇಳಬೇಕಮ್ಮ" ಅಂದರು.

ಮುಂದಿನ ವಾರ ಬೆಂಗಳೂರಿಗೆ. ಮದ್ದೂರಿನಲ್ಲಿ ರೈಲು ನಿಂತಾಗ ಹುಡುಗ ಎಂಜಿನ್ನಿನ ಹತ್ತಿರ ಓಡಿದ. ಸೀಟಿ ಕೂಗಿದರೂ ಬರಲಿಲ್ಲ. ಕಿಟಕಿಯಿಂದ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಮುಂದಿನ ಸ್ಟೇಷನ್ನಿನಲ್ಲಿ ಗೊತ್ತಾಯಿತು, ಹಿಂದಿನ ಡಬ್ಬಿಗೆ ಹತ್ತಿಕೊಂಡಿದ್ದ.

ಬೆಂಗಳೂರಿನ ಕಾಲೇಜಿನಲ್ಲಿ ವರ್ಕ್‌ಷಾಪಿನ ಬಾಗಿಲಲ್ಲೇ ಜವಾನ ನನ್ನನ್ನು ತಡೆದ. ಹೆಂಗಸರು ಒಳಗೆ ಹೋಗುವಂತಿಲ್ಲ, ಸೆರಗು ಯಂತ್ರದ ಪಟ್ಟಿಗೆ ಸಿಕ್ಕಿಬಿಡುತ್ತದಂತೆ. ಹುಡುಗನನ್ನು ಬಿಟ್ಟ. "ಮೇಷ್ಟ್ರು ಸಿಕ್ಕಿದ್ರೆ ಕೈ ವಿಷ್ಯ ಕೇಳು" ಎಂದು ಹೇಳಿ ಕಳಿಸಿ, ಬಿಸಿಲಲ್ಲಿ ಕಲ್ಲುಬೆಂಚಿನ ಮೇಲೆ ಕೂತೆ. ನೆರಳು ಬಂದು ಹೋಯಿತು, ಅವನು ಬರಲಿಲ್ಲ. ಬಂದಾಗ ಅಂಗಿಗೆಲ್ಲ ಎಣ್ಣೆ, ಮುಖವೆಲ್ಲ ನಗು.

"ಅವ್ವ, ಕಬ್ಣಾನ ಸೌತೆಕಾಯಿ ತರ ಹೆರೀತಾರೆ!"

"ಕೇಳಿದ್ಯೇನ್ಲಾ?"

"ಏನ್ನ?"

"ಕೈ ವಿಷ್ಯ ಕಣ್ಲಾ!"

"ಅಯ್ಯೋ, ಮರ್ತೋಯ್ತು."

ಅಲ್ಲೇ ಕಪಾಳಕ್ಕೆ ಕೊಡಬೇಕೆನಿಸಿತು. ನಾನೇ ಆಫೀಸಿಗೆ ನುಗ್ಗಿದೆ. ಕೋಟು ರುಮಾಲಿನ ಅಧ್ಯಾಪಕರೊಬ್ಬರು ಸಿಕ್ಕಿದರು. ಅವರದೂ ಅದೇ ಮಾತು, ಮನೆಯಲ್ಲಿ ಗಂಡಸರಿಲ್ಲವೇ ಎಂದು.

"ಇಲ್ಲ ಸ್ವಾಮಿ. ಇದ್ದಿದ್ದರೂ ಇದನ್ನೇ ಕೇಳುತ್ತಿದ್ದರು" ಎಂದು ಮಗನ ಕೈ ಹಿಡಿದು ಅವರ ಮುಂದೆ ಚಾಚಿದೆ.

ಅವರು ಬಗ್ಗಿ ನೋಡಿದರು. "ಮೊದಲು ಇಂಟರ್‌ಮೀಡಿಯೆಟ್ ಪಾಸು ಮಾಡಲಿ. ಆಮೇಲೆ ಡಾಕ್ಟರ ಪರೀಕ್ಷೆ ಇರುತ್ತದೆ. ಅವರು ಏನು ಹೇಳುತ್ತಾರೋ ಹಾಗೆ."

"ಅವರು ಆಗೋದಿಲ್ಲ ಅಂದರೆ?"

"ಅದನ್ನು ಈಗಲೇ ಹೇಗಮ್ಮ ಹೇಳೋದು?"

ಮೈಸೂರಿನವರು ಬೆಂಗಳೂರಿಗೆ ಕಳಿಸಿದರು, ಬೆಂಗಳೂರಿನವರು ಮತ್ತೆ ಮೈಸೂರಿಗೆ. ವಾಪಸು ಬರುವಾಗ ಹುಡುಗ ದಾರಿಯುದ್ದಕ್ಕೂ ಯಂತ್ರಗಳ ಬಗ್ಗೆ ಮಾತಾಡಿದ.

ಬೇರೆ ದಾರಿಯಿರಲಿಲ್ಲ, ಮೈಸೂರಿಗೇ ಸೇರಿಸಿದೆ. ಎರಡು ವರ್ಷ, ಅವನು ಪಾಸಾದಷ್ಟೂ ನನಗೆ ಭಯ ಹೆಚ್ಚಿತು. ಇಷ್ಟು ಓದಿಸಿ ಕೊನೆಗೆ ಆ ಡಾಕ್ಟರು ಬೇಡವೆಂದರೆ ಇವನ ಮುಖ ಹೇಗೆ ನೋಡಲಿ? ಡಾಕ್ಟರ ಪರೀಕ್ಷೆಯ ದಿನ ಅವನೊಬ್ಬನೇ ಹೋಗಿ ಬಂದ.

"ಏನಂದ್ರು?"

"ಎದೆ ಅಳೆದ್ರು, ಕಣ್ ನೋಡಿದ್ರು, ಕೆಮ್ಮು ಅಂದ್ರು. ಅಷ್ಟೇಯ."

"ಕೈ?"

"ನೋಡ್ಲೇ ಇಲ್ಲ ಅವ್ವ. ನಾನೂ ಹೇಳ್ಲಿಲ್ಲ."

ಸೀಟು ಸಿಕ್ಕಿತು. ತಮ್ಮ ಮಳವಳ್ಳಿಯಿಂದ ಬಂದು ಬೀದಿಗೆಲ್ಲ ಬೆಲ್ಲ ಹಂಚಿದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಸಂತೋಷವಿತ್ತು, ಇಲ್ಲವೆನ್ನಲಾರೆ. ಆದರೆ ಕೊನೆಗೆ ಯಾರೂ ನೋಡದ ಕೈಗಾಗಿ ನನ್ನನ್ನು ಅಲೆಸಿದ ಆ ಗುಮಾಸ್ತರು, ಆ ಜವಾನ, ಆ ಅಧ್ಯಾಪಕರು ಮೂವರನ್ನೂ ಎದುರು ನಿಲ್ಲಿಸಿಕೊಂಡು ಬೈಯಬೇಕೆನಿಸುತ್ತಿತ್ತು. ಬೈಯಲು ಅಲ್ಲಿ ಯಾರೂ ಇರಲಿಲ್ಲ.