ನಿಲ್ಲೋಕೆ ಜಾಗ

ದೊಡ್ಡಬಳ್ಳಾಪುರದ ನಮ್ಮ ಪಕ್ಕದ ಮನೆಯ ಅಂಕಲ್ ರೈಲು ಓಡಿಸಿ ನಿವೃತ್ತರಾದವರು. ನನ್ನನ್ನು ಸ್ಕೂಟರಿನಲ್ಲಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಬಿಡುವಾಗ ಮುಂದಿನ ಬಸ್ಸಿನಿಂದ ಹತ್ತು ಮಾರು ಹಿಂದೆಯೇ ಇರುತ್ತಿದ್ದರು. ನಡುವೆ ಯಾರಾದರೂ ನುಗ್ಗಿದರೆ, ಅವರಿಂದಲೂ ಅಷ್ಟೇ ಹಿಂದೆ.

"ಅಂಕಲ್, ಶಿಫ್ಟಿಗೆ ಲೇಟಾಯ್ತು!"

"ಕೆಂಪು ಸಿಗ್ನಲ್ ಕಂಡ್ಮೇಲೆ ಬ್ರೇಕ್ ಹಾಕಿದ್ರೆ ರೈಲು ನಿಲ್ಲಲ್ಲ ಕಣಮ್ಮಾ. ಅದಕ್ಕೇ ಎಷ್ಟೋ ಹಿಂದೇನೇ ಹಳದಿ ಇಟ್ಟಿರ್ತಾರೆ. ನಿಲ್ಲೋಕೆ ಜಾಗ ಬೇಕು."

ಒಂದು ಬೆಳಿಗ್ಗೆ ಬೈಕಿನವನೊಬ್ಬ "ಎತ್ತಿನಗಾಡಿನಾ ಗುರು?" ಎಂದು ರೇಗಿಸಿ ಮುಂದೆ ನುಗ್ಗಿದ. ಅಂಕಲ್ ಎಡಗೈಯಲ್ಲಿ ಹೋಗಪ್ಪಾ ಎಂದು ಸನ್ನೆ ಮಾಡಿ, ವೇಗ ತಗ್ಗಿಸಿದರು. ಸ್ವಲ್ಪ ಮುಂದೆ ಬಸ್ಸು ಗಕ್ಕನೆ ನಿಂತಿತು. ಬೈಕಿನವನು ಬ್ರೇಕ್ ಒತ್ತಿದವನೇ ಜಾರಿ ರಸ್ತೆಗೆ ಬಿದ್ದ. ನಮ್ಮ ಚಕ್ರ ಅವನ ತಲೆಯಿಂದ ಎರಡು ಮಾರು ಹಿಂದೆ ನಿಂತಿತ್ತು.

ಈಗ ಅಂಕಲ್ ಇಲ್ಲ. ಸ್ಕೂಟರ್ ನಾನೇ ಓಡಿಸುತ್ತೇನೆ. ಆ ಹತ್ತು ಮಾರಿಗೆಂದೇ ಮನೆಯಿಂದ ಐದು ನಿಮಿಷ ಮುಂಚೆ ಹೊರಡುತ್ತೇನೆ.