ಚಾಮರಾಜಪುರಂ ತಲುಪುವ ನಿಯಮಗಳು

ಒಬ್ಬ ಹೆಂಗಸಿಗೆ ಇದ್ದ ಒಂದೇ ಒಂದು ಅಧಿಕಾರವನ್ನು ಸಮಾನತೆಯ ಹೆಸರಿನಲ್ಲಿ ನಾನು ಕಸಿದುಕೊಂಡೆ. ಯಾವ ಮನವಿಪತ್ರದಲ್ಲಿಯೂ ಈ ಅನ್ಯಾಯ ಬರುವುದಿಲ್ಲ. ಆದ್ದರಿಂದ ನಾನೇ ಬರೆಯಬೇಕಾಗಿದೆ.

ಆಗ ನಾನು ಕಡಕೊಳದ ಬಟ್ಟೆ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುತ್ತಿದ್ದೆ. ಅವರಿಗೆ ಆಗುತ್ತಿದ್ದುದನ್ನು ಕೇಳಿ ಬರೆದುಕೊಳ್ಳುವುದು, ಬರೆದದ್ದನ್ನು ಅಧಿಕಾರಿಗಳ ಮುಂದಿಡುವುದು ನನ್ನ ಕೆಲಸವಾಗಿತ್ತು. ಶೌಚಕ್ಕೆ ಹೋಗಲು ಮೇಲ್ವಿಚಾರಕನ ಅಪ್ಪಣೆ ಬೇಕಿತ್ತು, ಬರೆದುಕೊಂಡೆ. ದಿನವಿಡೀ ನಿಲ್ಲುವವರಿಗೆ ಒಂದು ಸ್ಟೂಲೂ ಇರಲಿಲ್ಲ; ಬರೆದುಕೊಂಡೆ. ತಾಯಿಯ ವಯಸ್ಸಿನವರನ್ನು ‘ಏಯ್’ ಎಂದು ಕರೆಯುತ್ತಿದ್ದರು, ಅದನ್ನೂ ಬರೆದುಕೊಂಡೆ. ಗೇಟಿನ ಬಳಿ ಮಾತಿಗೆ ಅವಕಾಶವಿರಲಿಲ್ಲ. ಹೀಗಾಗಿ ಬೆಳಗಿನ ಪ್ಯಾಸೆಂಜರ್‌ನಲ್ಲಿ ಮೈಸೂರಿನಿಂದ ಅವರೊಂದಿಗೇ ಹೋಗಿ, ಸಂಜೆ ಅವರೊಂದಿಗೇ ಮರಳುತ್ತಿದ್ದೆ.

ಗಾಡಿಯಲ್ಲಿ ಅವರು ಒಂದು ಆಟ ಆಡುತ್ತಿದ್ದರು. ಅದಕ್ಕೆ ಕಾಯಿಯಿಲ್ಲ, ಹಲಗೆಯಿಲ್ಲ. ಸರದಿಯಂತೆ ಒಬ್ಬೊಬ್ಬರು ಒಂದೊಂದು ರೈಲ್ವೆ ನಿಲ್ದಾಣದ ಹೆಸರು ಹೇಳಬೇಕು; ತಪ್ಪಿಲ್ಲದೆ ಮೊದಲು ಚಾಮರಾಜಪುರಂ ತಲುಪಿದವಳು ಗೆದ್ದಂತೆ. ತಪ್ಪು ಯಾವುದು, ಸರಿ ಯಾವುದು ಎಂದು ತೀರ್ಮಾನಿಸುತ್ತಿದ್ದವರು ಒಬ್ಬರೇ: ಕಾರ್ಖಾನೆಯಲ್ಲಿ ಹೊಲಿದ ಬಟ್ಟೆಗಳ ಎಳೆ ಕತ್ತರಿಸುತ್ತಿದ್ದ, ಐವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಜಡ್ಜಮ್ಮ ಎನ್ನುತ್ತಿದ್ದರು. ಅವರು ಹತ್ತುತ್ತಿದ್ದುದು ಅಶೋಕಪುರಂನಲ್ಲಿ. ಕಿಟಕಿಯ ಪಕ್ಕದ ಜಾಗ ಅವರಿಗೆಂದೇ ಖಾಲಿ ಇರುತ್ತಿತ್ತು. ಅವರು ಕೂತು ಸೆರಗು ಸರಿಪಡಿಸಿಕೊಳ್ಳುವ ತನಕ ಯಾರೂ ಒಂದು ನಿಲ್ದಾಣದ ಹೆಸರೆತ್ತುತ್ತಿರಲಿಲ್ಲ.

“ಮದ್ದೂರು,” ಎನ್ನುವಳು ಒಬ್ಬಳು.

“ವಡೆ ತಿಂದ್ಯಾ?”

“ಇಲ್ಲ ಕಣಕ್ಕ, ಗಾಡಿ ನಿಲ್ನೇ ಇಲ್ಲ.”

“ವಡೆ ತಿನ್ದೆ ಮದ್ದೂರು ದಾಟಂಗಿಲ್ಲ. ಒಂದ್ ಸರ್ತಿ ಸುಮ್ಕಿರು.”

“ಅರಸೀಕೆರೆ,” ಎನ್ನುವಳು ಇನ್ನೊಬ್ಬಳು.

“ಇಂಜಿನ್ ತಿರುಗ್ಸಿದ್ಯಾ?”

“ಊಂ, ತಿರುಗ್ಸಿದೆ.”

“ಯಾವ ಕೈಲಿ?”

“ಎಡಗೈಲಿ.”

“ಎಡಗೈಲಿ ತಿರುಗ್ಸಿದ್ರೆ ಅದು ಶಿವಮೊಗ್ಗದ ಕಡೀಕೆ ಓಯ್ತದೆ. ಆಗಾಕಿಲ್ಲ.”

ಯಾರೂ ನಗುತ್ತಿರಲಿಲ್ಲ. ನಗದೆ ಇರುವುದೇ ಆಟದ ಪ್ರಾಣ. ನಾನು ಮೊದಲ ಬಾರಿ ಆಡಿದಾಗ, ಇದು ಬಹಳ ಸುಲಭವೆಂದುಕೊಂಡು, ಎರಡನೆಯ ಸರದಿಗೇ ‘ಚಾಮರಾಜಪುರಂ’ ಎಂದುಬಿಟ್ಟೆ. ಇಡೀ ಬೋಗಿ ಗಂಭೀರವಾಯಿತು.

“ಯಾವ ಬಾಗ್ಲಿಂದ ಇಳ್ದೆ?” ಎಂದರು ಜಡ್ಜಮ್ಮ.

“ಬಲಗಡೆ ಬಾಗಿಲಿಂದ.”

“ಪ್ಲಾಟ್‌ಫಾರಂ ಎಡಗಡೆ ಅದೆ ಕಣವ್ವ. ಹಳಿ ಮ್ಯಾಲೆ ಬಿದ್ದೆ. ಎದ್ದು ಮೊದ್ಲಿಂದ ಬಾ.”

ಎದುರಿಗಿದ್ದವಳು ನನ್ನ ಮೊಣಕಾಲು ಸವರಿ, “ಪೆಟ್ಟಾಯ್ತೇನ್ರೀ?” ಎಂದು ಕೇಳಿದಳು.

ಬೆಳಿಗ್ಗೆ ಶುರುವಾದ ಆಟ ಸಂಜೆಯ ಗಾಡಿಯಲ್ಲಿ ಮುಗಿಯಬೇಕು, ಅದೂ ಅಶೋಕಪುರಂ ಬರುವುದರೊಳಗೆ, ಏಕೆಂದರೆ ನ್ಯಾಯಾಧೀಶರು ಅಲ್ಲಿ ಇಳಿದುಬಿಡುತ್ತಿದ್ದರು. ಅವರು ಸ್ವತಃ ಒಂದು ದಿನವೂ ಆಡಲಿಲ್ಲ. ಎಂಟು ಗಂಟೆ ಬಯ್ಯಿಸಿಕೊಂಡು ನಿಂತ ಆ ಹೆಂಗಸು ‘ಆಯ್ತದೆ’, ‘ಆಗಾಕಿಲ್ಲ’ ಎಂದರೆ ಅದೇ ಕಾನೂನಾಗುತ್ತಿದ್ದ ಜಾಗ ಲೋಕದಲ್ಲಿ ಆ ಕಿಟಕಿಯ ಪಕ್ಕ ಒಂದೇ ಇತ್ತು.

ಹೊಲಿಗೆಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿಯೊಬ್ಬಳು ಒಂದು ಸಂಜೆ ನನ್ನ ಬಳಿ ದೂರಿದಳು. “ನೋಡಿ ಮೇಡಂ, ಆಯಮ್ಮ ನನ್ನ ಒಂದ್ ಸರ್ತಿನೂ ಗೆಲ್ಲಕ್ ಬುಡಲ್ಲ. ನಿನ್ನೆ ಆಗಾಕಿಲ್ಲ ಅಂದಿದ್ದು ಇವತ್ತು ಇನ್ನೊಬ್ಬಳಿಗೆ ಆಯ್ತದೆ!”

ನಾನು ಕಲಿತದ್ದು ಪರೀಕ್ಷೆಗಳಿಲ್ಲದ, ಬೆಂಚುಗಳಿಲ್ಲದ ಶಾಲೆಯಲ್ಲಿ. ಅಲ್ಲಿ ಎಲ್ಲರೂ ವೃತ್ತಾಕಾರದಲ್ಲಿ ಕೂರುತ್ತಿದ್ದೆವು. ಜಗಳವಾದರೆ ಸಭೆ, ಸಭೆಯ ಕೊನೆಗೆ ಬರೆದ ನಿಯಮ. ತಲೆಮಾರುಗಳಿಂದ ಓದು, ಅರಮನೆಯ ಚಾಕರಿ ಎಂದು ಬದುಕಿದ ಮನೆತನ ನನ್ನದು. ಬರೆದದ್ದು ಎಲ್ಲರಿಗೂ ಸೇರಿದ್ದು ಎಂಬುದರಲ್ಲಿ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಪ್ರಶ್ನಿಸಲಾಗದ ಅಧಿಕಾರವನ್ನು ಕಾರ್ಖಾನೆಯಲ್ಲಿ ಖಂಡಿಸಿ ಗಾಡಿಯಲ್ಲಿ ಒಪ್ಪುವುದು ಹೇಗೆ? ಒಂದು ವಾರ ಎಲ್ಲರನ್ನೂ ಕೇಳಿ, ಅದುವರೆಗಿನ ತೀರ್ಪುಗಳನ್ನು ಇಪ್ಪತ್ತೆರಡು ನಿಯಮಗಳಾಗಿ ಬರೆದೆ. ನ್ಯಾಯಾಧೀಶರ ಸ್ಥಾನ ದಿನಕ್ಕೊಬ್ಬರಂತೆ ಎಲ್ಲರಿಗೂ ಎಂಬುದು ಕೊನೆಯ ನಿಯಮ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಗಳನ್ನು ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ತಲೆಗೊಂದರಂತೆ ಹಂಚಿದೆ. ಜಡ್ಜಮ್ಮ ತಮ್ಮ ಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ಅದು ಒಪ್ಪಿಗೆಯಂತೆ ಕಂಡಿತು.

ಎರಡನೆಯ ವಾರ ತೀರ್ಪು ಹೇಳುವ ಸರದಿ ಜಡ್ಜಮ್ಮನಿಗೆ ಬಂದಿತು. ಯಾರೋ ಪಾಂಡವಪುರ ಎಂದರು. ಎಲ್ಲರ ಕಣ್ಣೂ ಹಾಳೆಯ ಮೇಲಿತ್ತು.

“ಎಷ್ಟನೇ ರೂಲು ಅಕ್ಕ?” ಎಂದಳು ಆ ಚುರುಕಿನ ಹುಡುಗಿ.

ಅವರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. “ಕನ್ನಡಕ ಮರ್ತು ಬಂದಿವ್ನಿ,” ಎಂದರು.

ಅವರು ಕನ್ನಡಕ ಹಾಕಿದ್ದನ್ನು ನಾನೆಂದೂ ನೋಡಿರಲಿಲ್ಲ. ಆದರೂ ಅಂದು ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಇದು: ‘ಕಾರ್ಮಿಕರಿಗೆ ಕಣ್ಣಿನ ತಪಾಸಣೆ ಮಾಡಿಸುವುದಿಲ್ಲ.’

ಮರುದಿನ ಅವರು ಮುಂದಿನ ಬೋಗಿಗೆ ಹತ್ತಿದರು. ಕಿಟಕಿಯ ಪಕ್ಕದ ಜಾಗ ನಾಲ್ಕು ದಿನ ಖಾಲಿ ಇತ್ತು. ಆಮೇಲೆ ಯಾರೋ ಟಿಫಿನ್ ಚೀಲ ಇಟ್ಟರು. ನಿಯಮಗಳೆಲ್ಲ ಗೊತ್ತಿದ್ದ ಮೇಲೆ ಎಲ್ಲರೂ ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದರು, ಎಲ್ಲರೂ ಬಲಗೈಯಿಂದ ಇಂಜಿನ್ ತಿರುಗಿಸುತ್ತಿದ್ದರು. ತಿಂಗಳೊಳಗೆ ಹೆಂಗಸರು ಆಟ ಬಿಟ್ಟು ಮೊಬೈಲ್ ನೋಡತೊಡಗಿದರು.

ಕೆಲ ಕಾಲದ ನಂತರ ಕಾರ್ಖಾನೆಯವರು, ಬಟ್ಟೆಯಲ್ಲಿ ಎಳೆಗಳು ಕತ್ತರಿಸದೆ ಉಳಿಯುತ್ತಿವೆ ಎಂದು ಹೇಳಿ, ನಾಳೆಯಿಂದ ಬರಬೇಡಿ ಎಂದು ಜಡ್ಜಮ್ಮನನ್ನು ಕಳಿಸಿದರು. ನೋಟಿಸಿಲ್ಲ, ಪರಿಹಾರವಿಲ್ಲ. ನಾನು ಮನವಿ ಬರೆದೆ, ಉತ್ತರ ಬರಲಿಲ್ಲ. ಸುದ್ದಿ ತಂದ ಆ ಚುರುಕಿನ ಹುಡುಗಿ ಗಾಡಿಯಲ್ಲಿ ನನ್ನ ಪಕ್ಕ ಬಂದು ಕೂತಳು.

“ಮೇಡಂ, ಆಯಮ್ಮ ನನ್ನ ಯಾಕೆ ಗೆಲ್ಲುಸ್ತಿರ್ಲಿಲ್ಲ ಗೊತ್ತಾ? ಅವತ್ತು ಒಳಗೆ ಯಾರು ಬಯ್ಯುಸ್ಕಂಡು ಅತ್ತಿರ್ತಿದ್ರೋ, ಸಂಜೆ ಅವರು ಗೆಲ್ತಿದ್ರು. ನಂಗೆ ಯಾರೂ ಬಯ್ತಿರ್ಲಿಲ್ಲ ಕಣ್ರೀ.”

ನಾನು ಹಿಂದಿನ ಸಂಜೆಗಳನ್ನು ನೆನೆದೆ. ಗೆದ್ದವರ ಮುಖಗಳು ಒಂದೊಂದಾಗಿ ಬಂದವು. ಅವರಿಗಾದ ಅನ್ಯಾಯವೂ ಅದೇ ದಿನದ ತಾರೀಖಿನಲ್ಲಿ ನನ್ನ ಪುಸ್ತಕದಲ್ಲಿ ಇತ್ತು. ನಾನು ಬರೆದುಕೊಂಡಿದ್ದೆ. ಜಡ್ಜಮ್ಮ ಅದಕ್ಕೆ ಏನೋ ಒಂದು ಮಾಡಿದ್ದರು.

ಭಾನುವಾರ ಅಶೋಕಪುರಂನ ಅವರ ಮನೆಗೆ ಹೋದೆ. ಒಂದೇ ಕೋಣೆಯ ಮನೆ. ಬಾಬಾಸಾಹೇಬರ ಚಿತ್ರದ ಕೆಳಗೆ ಚಾಪೆ ಹಾಸಿ ಕೂರಿಸಿದರು. “ಬನ್ನಿ, ಕೂತ್ಕಳಿ,” ಎಂದರು. ಗಾಡಿಯಲ್ಲಿ ನನಗೆ ‘ಬಾ’ ಎನ್ನುತ್ತಿದ್ದರು. ಒಲೆಯ ಹಿಂದಿನ ಗೋಡೆಗೆ ನನ್ನ ಹಾಳೆಯನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಅದರ ತುಂಬ ಎಣ್ಣೆಯ ಸಿಡಿತ.

“ಹಾಳೆ ಗಟ್ಟಿಯಾಗ್ ಅದೆ. ಒರುಸಿದ್ರೆ ಓಯ್ತದೆ,” ಎಂದರು. ಹೀಗಳಿಕೆಯ ಸುಳಿವೂ ಇರಲಿಲ್ಲ. ನಂತರ ಬೆರಳಿಟ್ಟು ತೋರಿಸಿದರು. “ಇದು ಕಡಕೊಳ. ಇದು ತಾಂಡವಪುರ. ಇದು ನಂಜನಗೂಡು. ಹಳದಿ ಬೋರ್ಡ್ ನೋಡೀ ನೋಡೀ ಇಷ್ಟು ಬಂದದೆ. ಮಿಕ್ಕಿದ್ದು ಬರಾಕಿಲ್ಲ.”

ತಪ್ಪಾಯಿತು ಎಂದೆ.

“ಯಾತುಕ್ಕೆ ತಪ್ಪು? ಒಳ್ಳೇದುಕ್ಕೇ ಮಾಡಿದ್ರಿ.”

ಎಲ್ಲರೂ ಕರೆಯುತ್ತಿದ್ದಾರೆ, ಸುಮ್ಮನೆ ಒಂದು ದಿನ ಗಾಡಿಯಲ್ಲಿ ಬಂದು ಕೂರಿ ಎಂದೆ. ಅವರು ಒಗ್ಗರಣೆಗೆ ಸಾಸಿವೆ ಹಾಕಿದರು. ನನಗೆ ಬೇರೆ ದಾರಿ ತೋಚಲಿಲ್ಲ.

“ಅರಸೀಕೆರೆ,” ಎಂದೆ. “ಆಯ್ತದಾ?”

ಅವರ ಕೈ ಒಂದು ಕ್ಷಣ ನಿಂತಿತು. ಮುಖ ಗಾಡಿಯಲ್ಲಿದ್ದಷ್ಟೇ ಗಂಭೀರವಾಯಿತು.

“ಹಾಳೇಲಿ ಏನ್ ಬರ್ದದೆ ನೋಡ್ಕಳಿ,” ಎಂದರು.

ನಾನು ಎದ್ದು ಒಲೆಯ ಬಳಿ ಹೋಗಿ, ಎಣ್ಣೆಯ ಕಲೆಗಳ ನಡುವಿನಿಂದ ನನ್ನದೇ ವಾಕ್ಯವನ್ನು ಓದಿದೆ: “ಅರಸೀಕೆರೆಯಲ್ಲಿ ಇಂಜಿನ್ನನ್ನು ಬಲಗೈಯಿಂದಲೇ ತಿರುಗಿಸತಕ್ಕದ್ದು.”

ಅವರು ಪೂರ್ತಿ ಕೇಳಿಸಿಕೊಂಡರು.

“ಸರಿಯಾಗೇ ಬರ್ದಿದ್ದೀರಿ,” ಎಂದು ಹೇಳಿ, ಪಾತ್ರೆಯ ಕಡೆ ತಿರುಗಿ ಕೈಯಾಡಿಸತೊಡಗಿದರು.