ನೀರಿನ ತಟ್ಟೆಯಲ್ಲಿ ಆಫ್ರಿಕದ ಆಮೆ

ವಿಲಾಯತಿಯ ಸ್ಟಾಕ್‌ಪೋರ್ಟ್‌ನಲ್ಲಿ ಮನೆ ಕೊಂಡ ವರ್ಷ ನಮ್ಮ ಯಜಮಾನರಿಗೆ ವಾಸ್ತು ನೆತ್ತಿಗೇರಿತು. ಸೇತುವೆ ಕಟ್ಟುವ ಎಂಜಿನಿಯರು. ಪ್ರಮೋಷನ್ ಮಾತ್ರ ಆಮೆಯಿಂದಲೇ ಬರಬೇಕು. ಹುಬ್ಬಳ್ಳಿಯ ಅವರಕ್ಕನ ಮನೆಯಲ್ಲಿ ಹಿತ್ತಾಳೆ ಆಮೆಯೊಂದು ನೀರಿನ ತಟ್ಟೆಯಲ್ಲಿ ಉತ್ತರಕ್ಕೆ ಮುಖಮಾಡಿ ಕೂತಿದೆ, ಭಾವನಿಗೆ ಎರಡು ಸಲ ಬಡ್ತಿ ಸಿಕ್ಕಿದೆ. ಇನ್ನೇನು ಪುರಾವೆ ಬೇಕು?

ಹತ್ತಿರದ ಸಾಲ್ಫರ್ಡ್ ಊರು ಬಿಟ್ಟು ಹೊರಟಿದ್ದ ಸಹೋದ್ಯೋಗಿಯೊಬ್ಬರು ಜೀವಂತ ಆಮೆಮರಿಯನ್ನೇ ಕೊಟ್ಟಾಗ ಇವರು ಹಿಗ್ಗಿ ಹೀರೇಕಾಯಿಯಾದರು. ಸಾಸರಿನಗಲದ ಮರಿ. ಜೊತೆಗೆ ಬಂದ ಬಿಸಿ ದೀಪ, ಒಣಹುಲ್ಲಿನ ಚೀಲ ಬಿಚ್ಚದೆಯೇ ಗ್ಯಾರೇಜು ಸೇರಿದವು.

“ಆಮೆ ಅಂದ್ರ ನೀರಾಗಿನ ಪ್ರಾಣಿ. ಅದಕ್ಕ ದೀಪ ಯಾಕ?” ಎಂದು ಇವರು ಅಗಲವಾದ ತಟ್ಟೆಗೆ ಎರಡು ಬೆರಳು ನೀರು ಹಾಕಿ, ಮರಿಯನ್ನು ಅದರಲ್ಲಿ ಬಿಟ್ಟು ಬಾಗಿಲ ಬಳಿ ಇಟ್ಟರು.

“ಪ್ರಮೋಷನ್ ಬಂದಮ್ಯಾಲೆ ಇದಕ್ಕೂ ಒಂದು ಕುರ್ಚಿ ಹಾಕಸ್ರಿ,” ಎಂದೆ.

ಮರಿ ದಿನವಿಡೀ ತಟ್ಟೆಯ ಅಂಚು ಕೆರೆಯುತ್ತಿತ್ತು. ಬೆಳಿಗ್ಗೆ ರೈಲಿಗೆ ಓಡುವ ಮುಂಚೆ ಇವರು ಅದನ್ನು ಮತ್ತೆ ಉತ್ತರಕ್ಕೆ ತಿರುಗಿಸಿ ಹೋಗುತ್ತಿದ್ದರು. ಈ ಕತೆಯನ್ನು ನಾನು ಗೆಳತಿಯರಿಗೆಲ್ಲ ಫೋನಿನಲ್ಲಿ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದೆ.

ನವೆಂಬರಿನಲ್ಲಿ ಅದರ ಮೂಗಿನಿಂದ ಗುಳ್ಳೆ ಬರತೊಡಗಿತು. ಕಣ್ಣು ತೆರೆಯಲಿಲ್ಲ, ತಿನ್ನಲು ಹಾಕಿದ ಸೊಪ್ಪಿನ ಎಲೆ ಮುಟ್ಟಲಿಲ್ಲ.

“ಧ್ಯಾನಕ್ಕ ಕುಂತೈತಿ,” ಎಂದರು ಇವರು.

ನಾನು ಮರಿಯನ್ನು ಎತ್ತಿಕೊಂಡೆ. ಟವೆಲಿನಲ್ಲಿ ಸುತ್ತಿಕೊಂಡು, ಇವರನ್ನೂ ಹೊರಡಿಸಿಕೊಂಡು ಪ್ರಾಣಿವೈದ್ಯರ ಬಳಿ ಓಡಿದೆ.

ವೈದ್ಯೆ ಸಮಾಧಾನವಾಗಿಯೇ ಹೇಳಿದಳು. ಇದು ಸಹಾರಾದ ಅಂಚಿನ ಹುಲ್ಲುಗಾವಲಿನದು. ಈಜುವುದಿಲ್ಲ; ಬಿಸಿಲು ಹೆಚ್ಚಾದರೆ ನೆಲ ತೋಡಿ ಒಳಗೆ ಕೂರುತ್ತದೆ. ಒಣಹುಲ್ಲೇ ಊಟ. ಬೆಳೆದರೆ ಒಬ್ಬ ಗಂಡಸಿನಷ್ಟು ತೂಗುತ್ತದೆ. ಬೇರೆ ಕೆಲವು ಆಮೆಗಳಂತೆ ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯಲು ಇದಕ್ಕೆ ಬರುವುದಿಲ್ಲ. ಈಗ ಶ್ವಾಸಕೋಶಕ್ಕೆ ಶೀತ ಇಳಿದಿದೆ, ಉಳಿಯುತ್ತದೆಂದು ಹೇಳಲಾರೆ.

ಆಮೇಲೆ ಕೇಳಿದಳು: ದಿನಾ ಇದನ್ನು ನೀರಿನಲ್ಲಿ ನಿಲ್ಲಿಸುತ್ತಿದ್ದವರು ಯಾರು?

ಯಜಮಾನರು ಗೋಡೆಯ ಮೇಲಿನ ನಾಯಿಯ ಚಿತ್ರ ನೋಡತೊಡಗಿದರು. ಆದರೆ ಇವರು ದಿನಾ ಮಾಡಿದ್ದು ಮರಿಯ ಮುಖ ಉತ್ತರಕ್ಕೆ ತಿರುಗಿಸುವ ಕೆಲಸವಷ್ಟೆ. ತಪ್ಪದೆ ದಿನಾ ತಟ್ಟೆ ತೊಳೆದು, ನಲ್ಲಿಯ ತಣ್ಣೀರು ತುಂಬಿ, ಮರಿಯನ್ನು ಎತ್ತಿ ಅದರಲ್ಲಿ ಇಳಿಸುತ್ತಿದ್ದವಳು ನಾನು. ಇವರನ್ನು ಆಡಿಕೊಂಡು ನಗುತ್ತಲೇ ಇಳಿಸುತ್ತಿದ್ದೆ.

“ನಾನು,” ಎಂದೆ.

ವೈದ್ಯೆಯ ಬಳಿಯೇ ಬಿಟ್ಟುಬಂದ ಆಮೆ ಬದುಕಿತು. ಕರೆದುಕೊಂಡು ಹೋಗಿ ಎಂದು ಫೋನ್ ಬಂದಾಗ, ಬೆಚ್ಚನೆಯ ಜಾಗ ಇರುವವರಿಗೆ ಕೊಟ್ಟುಬಿಡಿ ಎಂದೆ. ನನ್ನ ಕೈಗೆ ಅದನ್ನು ಮತ್ತೆ ಒಪ್ಪಿಸಲು ನನಗೇ ಧೈರ್ಯವಿರಲಿಲ್ಲ.